ಕೈಗಳಿಂದ ಅರಿತ ಶಿಲ್ಪಿ ಅಂತೋನಿ ಗೌದಿ



ಜ್ಞಾನ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾವು ಕೂಡಲೇ ಪುಸ್ತಕದ ಕಡೆಗೆ ಬೆರಳು ತೋರಿಸುತ್ತೇವೆ. ಶಾಲೆ, ಕಾಲೇಜು, ಗುರುಗಳ ಪ್ರಬೋಧನೆ, ಹಿರಿಯರ ಬುದ್ಧಿಮಾತು ಇವೂ ನೆನಪಿಗೆ ಬರುತ್ತವೆ. ಆದರೆ ಚಿತ್ರ ಬರೆಯುವುದು, ಮಣ್ಣಿನಲ್ಲಿ ಗೊಂಬೆ ಮಾಡುವುದು, ಮರ ಕೆತ್ತುವುದು ಇವೆಲ್ಲ ನಮ್ಮ ಲೆಕ್ಕದಲ್ಲಿ ಬಿಡುವಿನ ಹವ್ಯಾಸ, ಇಲ್ಲವೇ ಹೊಟ್ಟೆಪಾಡಿನ ಕಸುಬು. ಇವುಗಳಿಂದಲೂ ಅರಿವು ಹುಟ್ಟುತ್ತದೆಂದು ನಾವು ಯೋಚಿಸುವುದು ಕಡಿಮೆ. ಪರೀಕ್ಷೆಯ ದಿನಗಳಲ್ಲಿ ಮಗ ಚಿತ್ರ ಬರೆಯುತ್ತಾ ಕುಳಿತರೆ ಓದುವುದನ್ನು ಬಿಟ್ಟು ಇದೇನು ಆಟ ಎಂದು ಗದರಿಸುತ್ತೇವೆ.

ಕಟ್ಟುತ್ತಾ ಕಟ್ಟುತ್ತಾ ಯೋಚಿಸಿದ, ಕೈಯಿಂದ ಮಾಡಿ ನೋಡಿಯೇ ಸತ್ಯವನ್ನು ಕಂಡುಕೊಂಡ ಒಬ್ಬ ಮಹನೀಯರ ಬದುಕನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇವೆ. ಅವರು ಪುಸ್ತಕ ಬರೆಯಲಿಲ್ಲ. ಯಾವ ಪೀಠದಲ್ಲೂ ಕುಳಿತು ತತ್ವ ಬೋಧಿಸಲಿಲ್ಲ. ಆದರೂ ಅವರು ತೀರಿಕೊಂಡು ಎಷ್ಟೋ ದಶಕಗಳಾದ ಮೇಲೂ ಗಣಿತ ಬಲ್ಲವರು, ಎಂಜಿನಿಯರುಗಳು, ದೇವಶಾಸ್ತ್ರಜ್ಞರು ಅವರ ಕಲ್ಲಿನ ಕಂಬಗಳ ಮುಂದೆ ನಿಂತು ಪಾಠ ಕಲಿಯುತ್ತಿದ್ದಾರೆ. ಅವರೇ ಬಾರ್ಸಿಲೋನಾ ನಗರದ ಸಗ್ರಾದ ಫಮಿಲಿಯ, ಅಂದರೆ ಪವಿತ್ರ ಕುಟುಂಬದ ಮಹಾದೇವಾಲಯದ ಶಿಲ್ಪಿ ಅಂತೋನಿ ಗೌದಿ.

ತಾಮ್ರದ ಕೆಲಸಗಾರನ ಮಗ

ಗೌದಿ 1852ರ ಜೂನ್ 25ರಂದು ಸ್ಪೇನ್ ದೇಶದ ಕತಲೋನಿಯ ಪ್ರಾಂತ್ಯದಲ್ಲಿ, ರೇವುಸ್ ಪಟ್ಟಣದ ಸೀಮೆಯಲ್ಲಿ ಜನಿಸಿದರು. ತಂದೆ ತಾಮ್ರದ ಕೆಲಸಗಾರರು. ತಾಯಿಯೂ ಅದೇ ಕಸುಬಿನ ಮನೆತನದವರು. ಐವರು ಮಕ್ಕಳಲ್ಲಿ ಗೌದಿಯೇ ಕಡೆಯವರು.

ತಾಮ್ರದ ಹಂಡೆ ಮಾಡುವುದನ್ನು ನೀವು ಎಂದಾದರೂ ನಿಂತು ನೋಡಿದ್ದೀರಾ? ಮೊದಲು ಅದು ಬರೀ ಚಪ್ಪಟೆ ತಗಡು. ಕೆಲಸಗಾರ ಅದನ್ನು ಕಾಯಿಸಿ, ತಟ್ಟಿ, ಬಗ್ಗಿಸುತ್ತಾ ಹೋದಂತೆ ಅದಕ್ಕೆ ಹೊಟ್ಟೆ ಬರುತ್ತದೆ, ಕುತ್ತಿಗೆ ಬರುತ್ತದೆ, ಒಳಗೆ ನೀರು ನಿಲ್ಲುವ ಜಾಗ ಹುಟ್ಟುತ್ತದೆ. ಎಲ್ಲಿ ಎಷ್ಟು ಪೆಟ್ಟು ಬೀಳಬೇಕೆಂದು ಕೆಲಸಗಾರನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರುವುದಿಲ್ಲ. ಅದು ಅವನ ಕೈಗೆ ಗೊತ್ತು. ವಸ್ತುವಿನ ಆಕಾರವನ್ನು ಮನಸ್ಸಿನಲ್ಲಿಯೇ ಎಲ್ಲ ಕಡೆಯಿಂದ ಕಾಣುವ ಶಕ್ತಿ ತಮಗೆ ಬಂದದ್ದು ಈ ಮನೆತನದ ಕಸುಬಿನಿಂದಲೇ ಎಂದು ಗೌದಿ ಮುಂದೆ ನೆನೆಸಿಕೊಳ್ಳುತ್ತಿದ್ದರು.

ಚಿಕ್ಕಂದಿನಲ್ಲಿಯೇ ಅವರಿಗೆ ಸಂಧಿವಾತದ ಬಾಧೆ ಅಂಟಿಕೊಂಡಿತು. ಓರಗೆಯ ಹುಡುಗರು ಓಡಿ ಆಡುವಾಗ ಬಾಲಕ ಅಂತೋನಿ ಕುಳಿತು ನೋಡಬೇಕಾಗಿತ್ತು. ನಡೆಯಲಾಗದ ದಿನಗಳಲ್ಲಿ ಕತ್ತೆಯ ಮೇಲೆ ಕೂರಿಸಿ ಕರೆದೊಯ್ಯುತ್ತಿದ್ದರಂತೆ. ಆದರೆ ಆ ಕುಳಿತ ಹೊತ್ತು ವ್ಯರ್ಥವಾಗಲಿಲ್ಲ. ಬಸವನಹುಳುವಿನ ಚಿಪ್ಪು, ಮರದ ಕೊಂಬೆ, ಎಲೆಯ ನರ, ಮೋಡ ಎಲ್ಲವನ್ನೂ ಅವರು ಗಮನವಿಟ್ಟು ನೋಡಿದರು. ಹಕ್ಕಿಗಳಿಗೆ ರೆಕ್ಕೆ ಇರುವುದು ಹಾರಲಿಕ್ಕೆ ಎಂದು ಶಾಲೆಯಲ್ಲಿ ಮೇಷ್ಟರು ಹೇಳಿದಾಗ, ನಮ್ಮ ಮನೆಯ ಕೋಳಿಗಳು ರೆಕ್ಕೆ ಬಡಿಯುವುದು ಜೋರಾಗಿ ಓಡಲಿಕ್ಕೆ ಎಂದು ಈ ಹುಡುಗ ಎದ್ದು ನಿಂತು ಹೇಳಿದ ಕಥೆಯೊಂದಿದೆ. ಕೇಳಿದ್ದನ್ನು ಒಪ್ಪುವ ಮುಂಚೆ ಕಣ್ಣಾರೆ ಕಂಡದ್ದನ್ನು ಕೇಳಬೇಕು ಎಂಬ ಸ್ವಭಾವ ಅಂದಿನಿಂದಲೇ ಅವರದಾಗಿತ್ತು.

ಓದು ಮತ್ತು ಮೊದಲ ಕೆಲಸಗಳು

1868ರಲ್ಲಿ ಗೌದಿ ಓದಿಗಾಗಿ ಬಾರ್ಸಿಲೋನಾಗೆ ಬಂದರು. ಮನೆಯಲ್ಲಿ ಹಣದ ಅನುಕೂಲ ಇರಲಿಲ್ಲ. ಬೇರೆ ಶಿಲ್ಪಿಗಳ ಬಳಿ ನಕ್ಷೆ ಬರೆಯುವ ಕೆಲಸ ಮಾಡುತ್ತಾ ವಾಸ್ತುಶಿಲ್ಪ ಶಾಲೆಯಲ್ಲಿ ಓದಿದರು. 1876ರಲ್ಲಿ, ಆಗತಾನೇ ವೈದ್ಯರಾಗಿದ್ದ ಅಣ್ಣ ತೀರಿಕೊಂಡರು. ಅದೇ ವರ್ಷ ತಾಯಿಯೂ ಹೋದರು. 1879ರಲ್ಲಿ ಅಕ್ಕ ಪುಟ್ಟ ಮಗಳೊಬ್ಬಳನ್ನು ಬಿಟ್ಟು ತೀರಿಕೊಂಡರು. ವಯಸ್ಸಾದ ತಂದೆ ಮತ್ತು ಈ ಸೋದರ ಸೊಸೆಯನ್ನು ಗೌದಿಯೇ ಕೊನೆಯವರೆಗೂ ನೋಡಿಕೊಂಡರು. ಅವರು ಮದುವೆಯಾಗಲಿಲ್ಲ.

1878ರಲ್ಲಿ ಅವರಿಗೆ ಪದವಿ ದೊರಕಿತು. ಆ ದಿನ ಶಾಲೆಯ ಮುಖ್ಯಸ್ಥರು, ಈ ಪದವಿಯನ್ನು ಒಬ್ಬ ಹುಚ್ಚನಿಗೆ ಕೊಡುತ್ತಿದ್ದೇವೋ ಒಬ್ಬ ಮೇಧಾವಿಗೆ ಕೊಡುತ್ತಿದ್ದೇವೋ ಕಾಲವೇ ಹೇಳಬೇಕು ಎಂಬರ್ಥದ ಮಾತಾಡಿದರೆಂದು ಪ್ರತೀತಿ. ಅದೇ ವರ್ಷ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕೈಗವಸಿನ ವ್ಯಾಪಾರಿಯೊಬ್ಬರಿಗಾಗಿ ಗೌದಿ ಮಾಡಿಕೊಟ್ಟಿದ್ದ ಗಾಜಿನ ಪೆಟ್ಟಿಗೆ ಎವುಸೇಬಿ ಗುವೆಲ್ ಎಂಬ ಶ್ರೀಮಂತ ಗಿರಣಿ ಮಾಲೀಕರ ಕಣ್ಣಿಗೆ ಬಿತ್ತು. 1918ರಲ್ಲಿ ಗುವೆಲ್ ಸಾಯುವವರೆಗೂ ಇಬ್ಬರ ಸ್ನೇಹ ಉಳಿಯಿತು.

ಯೌವನದಲ್ಲಿ ಗೌದಿ ಒಳ್ಳೆಯ ಉಡುಪು ತೊಟ್ಟು ಓಡಾಡುತ್ತಿದ್ದ ಶೋಕಿಯ ಮನುಷ್ಯ. ಮುಂಗೋಪಿಯೂ ಹೌದು. ಸಂತರ ಹಾದಿಯಲ್ಲಿ ಹುಟ್ಟಿದಂದಿನಿಂದಲೇ ನಡೆದವರು ಅವರಲ್ಲ. ಅವರನ್ನು ನಿಧಾನವಾಗಿ ಬದಲಾಯಿಸಿದ್ದು ಒಂದು ಕೆಲಸ.

ಪವಿತ್ರ ಕುಟುಂಬದ ದೇವಾಲಯ

ಬೊಕಬೆಲ್ಯಾ ಎಂಬ ಪುಸ್ತಕ ವ್ಯಾಪಾರಿಯೊಬ್ಬರು ಬಾರ್ಸಿಲೋನಾದಲ್ಲಿ ಸಂತ ಜೋಸೆಫರ ಭಕ್ತರ ಸಂಘವನ್ನು ಸ್ಥಾಪಿಸಿದ್ದರು. ಜನರ ಕಾಣಿಕೆಯಿಂದಲೇ ಪವಿತ್ರ ಕುಟುಂಬಕ್ಕೆ ಒಂದು ಪ್ರಾಯಶ್ಚಿತ್ತದ ದೇವಾಲಯ ಕಟ್ಟಬೇಕೆಂಬುದು ಅವರ ಆಸೆ. 1882ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಅಡಿಗಲ್ಲು ಬಿತ್ತು. ಮೊದಲ ಶಿಲ್ಪಿ ಭಿನ್ನಾಭಿಪ್ರಾಯದಿಂದ ಬಿಟ್ಟುಹೋದ ಮೇಲೆ 1883ರಲ್ಲಿ ಕೆಲಸ 31 ವರ್ಷದ ಗೌದಿಯ ಕೈಗೆ ಬಂತು. ಮುಂದಿನ 43 ವರ್ಷ ಅವರು ಅದನ್ನು ಬಿಡಲಿಲ್ಲ.

ದೇವಾಲಯ ಕಟ್ಟುವವನು ತಾನೂ ಪ್ರಾರ್ಥಿಸುವವನಾಗಿರಬೇಕು ಎಂಬುದು ಅವರಿಗೆ ಬರಬರುತ್ತಾ ಮನದಟ್ಟಾಯಿತು. 1894ರ ತಪಸ್ಸುಕಾಲದಲ್ಲಿ ಅವರು ಪ್ರಾಣಕ್ಕೇ ಅಪಾಯವಾಗುವಷ್ಟು ಕಠಿಣವಾಗಿ ಉಪವಾಸ ಮಾಡಿದರು. ಆಪ್ತರಾದ ಗುರು ಟೊರಾಸ್ ಇ ಬಾಜೆಸ್, ಮುಂದೆ ವಿಕ್ ಪಟ್ಟಣದ ಧರ್ಮಾಧ್ಯಕ್ಷರಾದವರು, ಬಂದು ಬುದ್ಧಿ ಹೇಳಿ ಉಪವಾಸ ಬಿಡಿಸಿದರು. ನಿನಗೆ ಒಪ್ಪಿಸಿದ ಕೆಲಸ ಇನ್ನೂ ಮುಗಿದಿಲ್ಲ ಎಂಬುದೇ ಅವರ ಬುದ್ಧಿವಾದದ ಸಾರ.

ದಾರಗಳು ಕಲಿಸಿದ ಪಾಠ

ಓದುಗರೇ, ಈಗ ನಿಮ್ಮ ಜಪಸರವನ್ನು ಕೈಗೆ ತೆಗೆದುಕೊಳ್ಳಿ. ಎರಡು ಕಡೆ ಹಿಡಿದು ನಡುವಿನ ಭಾಗವನ್ನು ಸಡಿಲವಾಗಿ ಇಳಿಬಿಡಿ. ಅದು ಒಂದು ಸುಂದರ ಬಾಗಿನಲ್ಲಿ ನಿಲ್ಲುತ್ತದೆ. ಆ ಬಾಗನ್ನು ನೀವು ಬರೆಯಲಿಲ್ಲ, ಲೆಕ್ಕ ಹಾಕಲಿಲ್ಲ. ಮಣಿಗಳ ಭಾರವೇ ಅದನ್ನು ಬರೆಯಿತು. ತೂಗುವ ಸರದಲ್ಲಿ ಇರುವುದು ಎಳೆತ ಮಾತ್ರ. ಆ ಬಾಗನ್ನು ಹಾಗೆಯೇ ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಎಳೆತವೆಲ್ಲ ಒತ್ತಡವಾಗುತ್ತದೆ. ಕಲ್ಲು ಎಳೆತವನ್ನು ತಾಳಲಾರದು, ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಹೀಗಾಗಿ ಅಂಥ ಕಮಾನು ಬೀಳದೆ ನಿಲ್ಲುತ್ತದೆ.

ಈ ನಿಯಮ ಗೌದಿಯ ಶೋಧನೆಯಲ್ಲ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರ ಹೊತ್ತಿಗಾಗಲೇ ಇದನ್ನು ಕಂಡುಕೊಂಡಿದ್ದರು. ಆದರೆ ನಿಯಮ ಗೊತ್ತಿದ್ದ ಮಾತ್ರಕ್ಕೆ ಹತ್ತಾರು ಕಮಾನುಗಳು ಒಂದರ ಮೇಲೊಂದು ಭಾರ ಹಾಕುವ ಒಂದು ಇಡೀ ದೇವಾಲಯದ ಆಕಾರ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಗೌದಿ ಹಿಡಿದದ್ದು ಕೈಗೆಲಸದ ಹಾದಿ.

1898ರಲ್ಲಿ ಗುವೆಲ್ ತಮ್ಮ ಬಟ್ಟೆ ಗಿರಣಿಯ ಕಾರ್ಮಿಕರ ಕಾಲೊನಿಗೆ ಒಂದು ಚರ್ಚು ಕಟ್ಟಿಕೊಡಲು ಕೇಳಿದರು. ಗೌದಿ ನಕ್ಷೆ ಬರೆದು ಕೊಡಲಿಲ್ಲ. ಒಂದು ಶೆಡ್ಡಿನ ಚಾವಣಿಯಿಂದ ದಾರಗಳನ್ನು ಇಳಿಬಿಟ್ಟರು. ಒಂದು ದಾರಕ್ಕೆ ಇನ್ನೊಂದನ್ನು ಕಟ್ಟಿದರು. ಪ್ರತಿ ಗಂಟಿನಲ್ಲೂ ಆ ಜಾಗದಲ್ಲಿ ಬರುವ ಕಲ್ಲಿನ ಭಾರಕ್ಕೆ ತಕ್ಕಂತೆ ಸೀಸದ ಗುಂಡು ತುಂಬಿದ ಸಣ್ಣ ಚೀಲವನ್ನು ತೂಗುಹಾಕಿದರು. ಅಳತೆಯಲ್ಲಿ ನಿಜವಾದ ಕಟ್ಟಡದ 10ರಲ್ಲಿ ಒಂದು ಪಾಲು, ತೂಕದಲ್ಲಿ 10,000ದಲ್ಲಿ ಒಂದು ಪಾಲು. ಈ ಮಾದರಿಗೆ ಸುಮಾರು 10 ವರ್ಷ ಹಿಡಿಯಿತು. ಅದರ ಛಾಯಾಚಿತ್ರ ತೆಗೆದು ತಲೆಕೆಳಗು ಮಾಡಿದರೆ ಚರ್ಚಿನ ಆಕಾರ ಕಣ್ಣಮುಂದೆ ನಿಲ್ಲುತ್ತಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಆ ಮಾದರಿಯಲ್ಲಿ ಒಂದು ಚೀಲಕ್ಕೆ ನಾಲ್ಕು ಗುಂಡು ಹೆಚ್ಚು ಹಾಕಿದರೆ ಆ ದಾರ ಮಾತ್ರವಲ್ಲ, ಸುತ್ತಲಿನ ದಾರಗಳೂ ಜರುಗಿ ಹೊಸ ಜಾಗ ಹುಡುಕಿಕೊಳ್ಳುತ್ತಿದ್ದವು. ಯಾವ ಕಮಾನೂ ಒಂಟಿಯಾಗಿ ನಿಲ್ಲುವುದಿಲ್ಲ, ಒಂದರ ಭಾರ ಇನ್ನೊಂದರ ಆಕಾರವನ್ನು ತೀರ್ಮಾನಿಸುತ್ತದೆ ಎಂಬುದನ್ನು ಗೌದಿ ದಿನದಿನವೂ ಕಣ್ಣಾರೆ ಕಂಡರು. ಅವರಿಗೆ ಇಷ್ಟವಾದ ಆಕಾರವನ್ನು ದಾರದ ಮೇಲೆ ಹೇರಲು ಸಾಧ್ಯವಿರಲಿಲ್ಲ. ಭಾರ ಎಲ್ಲಿದೆ ಎಂದು ಹೇಳುವುದಷ್ಟೇ ಅವರ ಪಾಲು. ಉತ್ತರ ಕೊಡುವುದು ದಾರದ ಪಾಲು.

ಮನುಷ್ಯ ಏನನ್ನೂ ಹೊಸದಾಗಿ ಸೃಷ್ಟಿಸುವುದಿಲ್ಲ, ದೇವರ ಸೃಷ್ಟಿಯಲ್ಲಿ ಇರುವುದನ್ನು ಕಂಡುಕೊಂಡು ಮುಂದುವರಿಸುತ್ತಾನೆ ಎಂಬ ನಂಬಿಕೆ ಗೌದಿಯಲ್ಲಿ ಗಟ್ಟಿಯಾಗಿತ್ತೆಂದು ಅವರ ಶಿಷ್ಯರು ಬರೆದಿಟ್ಟಿದ್ದಾರೆ. ಓದಿ ಕಲಿತ ಮಾತಿನಂತೆ ಇದು ಕೇಳಿಸಬಹುದು. ಆದರೆ ಹತ್ತು ವರ್ಷ ದಾರದ ಮುಂದೆ ನಿಂತು, ತನ್ನ ಇಷ್ಟವನ್ನು ಬದಿಗಿಟ್ಟು, ಭಾರ ಹೇಳಿದ್ದನ್ನು ಕೇಳಿದವರ ಬಾಯಲ್ಲಿ ಅದಕ್ಕೆ ಬೇರೆಯೇ ತೂಕವಿದೆ.

ಕಾಲೊನಿಯ ಚರ್ಚು ಪೂರ್ತಿಯಾಗಲಿಲ್ಲ. 1908ರಲ್ಲಿ ಕೆಲಸ ಶುರುವಾಗಿ 1914ರಲ್ಲಿ ನಿಂತಿತು. ಕೆಳಗಿನ ಅಂತಸ್ತು ಮಾತ್ರ ಕಟ್ಟಲಾಯಿತು, 1915ರಲ್ಲಿ ಅದನ್ನು ಆಶೀರ್ವದಿಸಲಾಯಿತು. ಆದರೆ ಅಲ್ಲಿ ಕಲಿತದ್ದೆಲ್ಲ ಪವಿತ್ರ ಕುಟುಂಬದ ದೇವಾಲಯಕ್ಕೆ ಬಂತು.

ಮರವೇ ಗುರು

ಯೂರೋಪಿನ ಹಳೆಯ ಗಾಥಿಕ್ ದೇವಾಲಯಗಳ ಗೋಡೆಗಳು ಹೊರಕ್ಕೆ ಬಾಗಿ ಬೀಳದಂತೆ ಹೊರಗಿನಿಂದ ಕಲ್ಲಿನ ಆಧಾರಗಳನ್ನು ಕೊಟ್ಟಿರುತ್ತಾರೆ. ಗೌದಿಯ ಕಣ್ಣಿಗೆ ಅವು ಕುಂಟನ ಊರುಗೋಲಿನಂತೆ ಕಂಡವು. ಮರಕ್ಕೆ ಊರುಗೋಲು ಬೇಕೇ? ಅದು ಬೇಕಾದ ಕಡೆಗೆ ಬಾಗಿ, ಕೊಂಬೆಗಳಾಗಿ ಕವಲೊಡೆದು ತನ್ನ ಭಾರವನ್ನು ತಾನೇ ಹೊರುತ್ತದೆ. ತಮ್ಮ ಕಾರ್ಯಾಗಾರದ ಬಳಿ ಇದ್ದ ಒಂದು ಮರವನ್ನೇ ಅವರು ತಮ್ಮ ಗುರುವೆಂದು ಬಂದವರಿಗೆ ತೋರಿಸುತ್ತಿದ್ದರು. ಅದಕ್ಕೇ ಆ ದೇವಾಲಯದ ಒಳಗಿನ ಕಂಬಗಳು ಮರದಂತೆ ಮೇಲೆ ಕವಲೊಡೆಯುತ್ತವೆ. ಒಳಗೆ ನಿಂತವರಿಗೆ ಕಾಡಿನಲ್ಲಿ ನಿಂತಂತೆ ಅನಿಸುವುದು ಬರೀ ಅಲಂಕಾರದಿಂದಲ್ಲ. ಭಾರ ಹರಿಯುವ ದಾರಿಯೇ ಹಾಗಿದೆ.

ಒಂದು ಕಂಬದ ಆಕಾರಕ್ಕಾಗಿಯೇ ಅವರು ವರ್ಷಗಟ್ಟಲೆ ಪ್ಲಾಸ್ಟರ್ ಮಾದರಿಗಳನ್ನು ಮಾಡಿದರು. ಬಹುಕೋನದ ಒಂದು ಆಕಾರ ಬಲಕ್ಕೆ ತಿರುಗುತ್ತಾ ಮೇಲೇರುತ್ತದೆ. ಅದೇ ಆಕಾರ ಎಡಕ್ಕೆ ತಿರುಗುತ್ತಾ ಮೇಲೇರುತ್ತದೆ. ಎರಡಕ್ಕೂ ಸೇರಿದ ಭಾಗವನ್ನು ಉಳಿಸಿಕೊಂಡು ಉಳಿದದ್ದನ್ನು ಕಡಿದರೆ ಕಂಬ ಮೇಲೆ ಹೋದಂತೆ ಅಂಚುಗಳು ಹೆಚ್ಚುತ್ತಾ ಕೊನೆಗೆ ದುಂಡಗಾಗುತ್ತದೆ. ಪೊರಕೆ ಕಡ್ಡಿಗಳ ಒಂದು ಕಟ್ಟನ್ನು ನಡುವೆ ಕಟ್ಟಿ ತಿರುಚಿ ನೋಡಿ. ಕಡ್ಡಿಗಳೆಲ್ಲ ನೆಟ್ಟಗೇ ಇದ್ದರೂ ಕಟ್ಟಿಗೆ ಸಣ್ಣ ನಡು ಬಂದು ಹೊರಮೈ ಬಾಗುತ್ತದೆ. ನೇರ ಗೆರೆಗಳಿಂದಲೇ ಹುಟ್ಟುವ ಇಂಥ ಬಾಗಿದ ಮೈಗಳನ್ನು ಗೌದಿ ಕಿಟಕಿಗಳಿಗೂ ಚಾವಣಿಗೂ ಬಳಸಿದರು. ಗಾರೆ ಕೆಲಸದವರು ನೇರವಾದ ಪಟ್ಟಿಯೊಂದನ್ನು ಹಿಡಿದೇ ಅವನ್ನು ಕಟ್ಟಬಹುದಾಗಿತ್ತು.

1909ರಲ್ಲಿ ದೇವಾಲಯದ ಪಕ್ಕದಲ್ಲಿ ಕೆಲಸಗಾರರ ಮಕ್ಕಳಿಗೂ ನೆರೆಹೊರೆಯ ಮಕ್ಕಳಿಗೂ ಒಂದು ಪುಟ್ಟ ಶಾಲೆ ಕಟ್ಟಿದರು. ಹಣ ಕಡಿಮೆ. ಆದ್ದರಿಂದ ತೆಳು ಇಟ್ಟಿಗೆಯ ಗೋಡೆ. ಆದರೆ ಗೋಡೆಯನ್ನೂ ಚಾವಣಿಯನ್ನೂ ಅಲೆಯಂತೆ ಬಾಗಿಸಿದರು. ನೆಟ್ಟಗಿನ ಕಾಗದ ನಿಲ್ಲುವುದಿಲ್ಲ, ಮಡಿಕೆ ಹಾಕಿದ ಕಾಗದ ನಿಲ್ಲುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಆ ಮಕ್ಕಳ ತಿಳಿವನ್ನೇ ಅವರು ಬಡವರ ಮಕ್ಕಳಿಗೆ ನೆರಳಾಗಿ ಮಾಡಿಕೊಟ್ಟರು.

ಕ್ರಿಸ್ತಜನನದ ಮುಖಭಾಗದ ಪ್ರತಿಮೆಗಳಿಗಾಗಿ ಅವರು ಸುತ್ತಮುತ್ತಲಿನ ಸಾಮಾನ್ಯ ಜನರನ್ನೇ ಕರೆತಂದು ಅಚ್ಚು ತೆಗೆದರು. ಎಲುಬಿನ ಗೂಡುಗಳನ್ನು ಬೇರೆ ಬೇರೆ ಭಂಗಿಯಲ್ಲಿ ನಿಲ್ಲಿಸಿ, ಕನ್ನಡಿಗಳನ್ನಿಟ್ಟು ಛಾಯಾಚಿತ್ರ ತೆಗೆದು, ಮೈ ಹೇಗೆ ಚಲಿಸುತ್ತದೆ ಎಂದು ಅಭ್ಯಾಸ ಮಾಡಿದರು. ಹಸುಗೂಸುಗಳ ಹತ್ಯೆಯ ದೃಶ್ಯದಲ್ಲಿ ರೋಮನ್ ಸೈನಿಕನಿಗೆ ಮಾದರಿಯಾದವನ ಕಾಲಿಗೆ ಆರು ಬೆರಳು ಇತ್ತಂತೆ. ಅದನ್ನು ಮರೆಮಾಚದೆ ಇದ್ದಂತೆಯೇ ಬಿಡಲು ಗೌದಿ ಹೇಳಿದರು. ಕಂಡ ಸತ್ಯವನ್ನು ತಿದ್ದಿ ಚಂದ ಮಾಡುವುದು ಅವರಿಗೆ ಒಗ್ಗಲಿಲ್ಲ.

ಭಿಕ್ಷುಕನೆಂದು ತಿಳಿದರು

1906ರಲ್ಲಿ ತಂದೆ, 1912ರಲ್ಲಿ ಸೋದರ ಸೊಸೆ ತೀರಿಕೊಂಡರು. ಮನೆ ಬರಿದಾಯಿತು. ಕೊನೆಯ ಹತ್ತು ಹನ್ನೆರಡು ವರ್ಷ ಗೌದಿ ಬೇರೆ ಕೆಲಸ ಒಪ್ಪಿಕೊಳ್ಳದೆ ದೇವಾಲಯಕ್ಕೇ ತಮ್ಮನ್ನು ಒಪ್ಪಿಸಿಕೊಂಡರು. ಹಣ ಸಾಲದಾದಾಗ ತಾವೇ ಮನೆಮನೆಗೆ ಹೋಗಿ ಕಾಣಿಕೆ ಬೇಡಿದರು. ಹಳೆಯ ಶೋಕಿಯ ಉಡುಪು ಎಂದೋ ಹೋಗಿತ್ತು. ಕೊನೆಯ ತಿಂಗಳುಗಳಲ್ಲಿ ಕಾರ್ಯಾಗಾರದಲ್ಲಿಯೇ ಮಲಗುತ್ತಿದ್ದರು. ಅವರು ಬದುಕಿರುವಾಗ ಪೂರ್ತಿಯಾದದ್ದು ಒಂದೇ ಒಂದು ಗಂಟೆಗೋಪುರ. ಅದೂ 1925ರ ನವೆಂಬರ್ ತಿಂಗಳ ಕೊನೆಯಲ್ಲಿ.

1926ರ ಜೂನ್ 7ರ ಸಂಜೆ, ಎಂದಿನಂತೆ ಸಂತ ಫಿಲಿಪ್ ನೇರಿಯ ಚರ್ಚಿಗೆ ಪ್ರಾರ್ಥನೆಗೆಂದು ನಡೆದು ಹೋಗುವಾಗ ಟ್ರಾಮ್ ಬಡಿಯಿತು. ಜೇಬಿನಲ್ಲಿ ಗುರುತಿನ ಪತ್ರ ಇರಲಿಲ್ಲ. ಹರಕು ಬಟ್ಟೆ ನೋಡಿ ಯಾರೋ ಭಿಕ್ಷುಕನೆಂದು ಜನ ತಿಳಿದರು. ಬಡವರ ಆಸ್ಪತ್ರೆಗೆ ಸೇರಿಸಿದರು. ಮರುದಿನ ದೇವಾಲಯದ ಗುರುಗಳು ಹುಡುಕಿಕೊಂಡು ಬಂದಾಗಲೇ ಆತ ಯಾರೆಂದು ತಿಳಿದದ್ದು. ಜೂನ್ 10ರಂದು, ತಮ್ಮ 73ನೇ ವಯಸ್ಸಿನಲ್ಲಿ ಗೌದಿ ಪ್ರಭುವಿನಲ್ಲಿ ನಿದ್ರೆಹೋದರು. ಅವರು ಕಟ್ಟುತ್ತಿದ್ದ ದೇವಾಲಯದ ನೆಲಮಾಳಿಗೆಯಲ್ಲಿಯೇ, ಕಾರ್ಮೆಲ್ ಮಾತೆಯ ಪೀಠದ ಬಳಿ ಅವರನ್ನು ಸಮಾಧಿ ಮಾಡಿದರು.

ಒಡೆದ ಚೂರುಗಳಲ್ಲಿ ಉಳಿದ ಅರಿವು

1936ರ ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ದೊಂಬಿ ಗುಂಪು ದೇವಾಲಯಕ್ಕೆ ನುಗ್ಗಿತು. ಗೌದಿಯ ನಕ್ಷೆಗಳು ಸುಟ್ಟುಹೋದವು. ಪ್ಲಾಸ್ಟರ್ ಮಾದರಿಗಳು ಪುಡಿಯಾದವು. 43 ವರ್ಷಗಳ ದುಡಿಮೆ ಅಲ್ಲಿಗೇ ಮುಗಿಯಿತು ಎಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಶಿಷ್ಯರು ಚೂರುಗಳನ್ನು ಒಂದೊಂದಾಗಿ ಆರಿಸಿ ಇಟ್ಟರು. ಗೌದಿಯ ಆಕಾರಗಳು ಮನಬಂದಂತೆ ಮಾಡಿದವುಗಳಲ್ಲ, ನಿಯಮಕ್ಕೆ ಬದ್ಧವಾದವು. ಆದ್ದರಿಂದ ಒಂದು ಚೂರಿನ ಬಾಗನ್ನು ಅಳೆದರೆ ಇಡೀ ಭಾಗದ ಆಕಾರವನ್ನು ಲೆಕ್ಕಹಾಕಲು ಸಾಧ್ಯವಾಯಿತು. ಮುಂದೆ ಕಂಪ್ಯೂಟರುಗಳೂ ಇದಕ್ಕೆ ನೆರವಾದವು. ಕಾಗದ ಸುಟ್ಟರೂ ಅರಿವು ಕೆಲಸದೊಳಗೇ ಉಳಿದಿತ್ತು.

2010ರ ನವೆಂಬರ್ 7ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು ದೇವಾಲಯವನ್ನು ಪ್ರತಿಷ್ಠಾಪಿಸಿ ಮಹಾದೇವಾಲಯದ ಸ್ಥಾನ ನೀಡಿದರು. 2025ರ ಏಪ್ರಿಲ್ 14ರಂದು ಜಗದ್ಗುರು ಫ್ರಾನ್ಸಿಸರು ಗೌದಿಯನ್ನು ಪೂಜ್ಯರೆಂದು ಸಾರಲು ಒಪ್ಪಿಗೆ ನೀಡಿದರು. ಸಂತ ಪದವಿಯ ಹಾದಿಯಲ್ಲಿ ಇದೊಂದು ಮೆಟ್ಟಿಲು. ಅದೇ ವರ್ಷ ಅಕ್ಟೋಬರ್‌ನಲ್ಲಿ ಏಳುತ್ತಿದ್ದ ಯೇಸುಕ್ರಿಸ್ತರ ಗೋಪುರ ಜಗತ್ತಿನ ಉಳಿದೆಲ್ಲ ಚರ್ಚುಗಳ ಎತ್ತರವನ್ನು ಮೀರಿತು. ಆದರೂ ಅದರ ಪೂರ್ಣ ಎತ್ತರವನ್ನು 172.5 ಮೀಟರ್‌ಗೆ ನಿಲ್ಲಿಸಿದ್ದಾರೆ. ಪಕ್ಕದ ಮೊಂಜುಯಿಕ್ ಗುಡ್ಡಕ್ಕಿಂತ ಅದು ತುಸು ಕಡಿಮೆ. ಮನುಷ್ಯನ ಕೆಲಸ ದೇವರ ಕೆಲಸವನ್ನು ಮೀರಬಾರದು ಎಂಬುದು ಗೌದಿಯ ಇಚ್ಛೆಯಾಗಿತ್ತು.

ತಂದೆತಾಯಿಗಳೇ, ಗೌದಿಯಂಥ ಶಿಲ್ಪಿಗಳು ಎಲ್ಲರ ಮನೆಯಲ್ಲೂ ಹುಟ್ಟುವುದಿಲ್ಲ. ಆದರೆ ಕೈಯಿಂದ ಮಾಡಿ ಕಲಿಯುವ ಮಕ್ಕಳು ಎಲ್ಲರ ಮನೆಯಲ್ಲೂ ಇದ್ದಾರೆ. ಕ್ರಿಸ್ತಜಯಂತಿಗೆ ಗೋದಲಿ ಕಟ್ಟುವಾಗ ಬಿದಿರ ಕಡ್ಡಿ ಏಕೆ ವಾಲಿತು, ಮಣ್ಣಿನ ಗುಡ್ಡ ಏಕೆ ಕುಸಿಯಿತು ಎಂದು ಮಗು ಕೇಳಿದರೆ ಅವಸರದಿಂದ ನೀವೇ ಸರಿಮಾಡಿಬಿಡಬೇಡಿ. ಇನ್ನೊಮ್ಮೆ ಮಾಡಿ ನೋಡಲು ಬಿಡಿ. ಯೇಸುಸ್ವಾಮಿಯೂ ನಜರೇತಿನಲ್ಲಿ ಬಡಗಿಯ ಮನೆಯಲ್ಲಿ ಬೆಳೆದವರು. ಆ ಮನೆಯ ಹೆಸರಿನ ದೇವಾಲಯವನ್ನು ಕಟ್ಟಲು ದೇವರು ಆರಿಸಿಕೊಂಡದ್ದೂ ತಾಮ್ರದ ಕೆಲಸಗಾರನ ಮನೆಯಲ್ಲಿ ಸುತ್ತಿಗೆಯ ಸದ್ದು ಕೇಳುತ್ತಾ ಬೆಳೆದ ಹುಡುಗನನ್ನೇ.